ಮರಳು ಡಬ್ಬಿಯ ಓಟು

ಕೇಳದೆ ಯಾರನ್ನೂ ಮನೆಯಿಂದ ಎಬ್ಬಿಸುವುದು ನಮ್ಮ ಕಾಲೋನಿಯಲ್ಲಿ ಆಗದ ಮಾತು ಎಂದು ಹೇಳಿದವಳು ನನ್ನ ಅತ್ತೆ, ಅಪ್ಪನ ಅಕ್ಕ. ಹೇಳಿದ್ದು ಒಂದು ಸಲವಲ್ಲ. ನಲ್ಲಿಯ ಹತ್ತಿರ ಹೇಳಿದ್ದಾಳೆ, ಕ್ಯಾಂಟೀನಿನಲ್ಲಿ ಹೇಳಿದ್ದಾಳೆ, ಕಾರ್ಖಾನೆಗೆ ಹೊಸ ಮಾಲೀಕರು ಬಂದು ಜನ ಗುಸುಗುಸು ಶುರು ಮಾಡಿದಾಗ ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಲೂ ಹೇಳಿದ್ದಾಳೆ.

"ಅದೆಂಗೆ ಎಬ್ಬಿಸ್ತಾರೆ? ಸಭೆ ಕೇಳ್ದೆ ಒಂದು ಬೆಕ್ಕಿನ ಮರೀನೂ ಎಬ್ಬಿಸೋಕಾಗಲ್ಲ ಇಲ್ಲಿ. ಸುಮ್ನೆ ಹೆದ್ರಿಕೊಂಡು ಸಾಯ್ತೀರಲ್ಲ."

ಕಡೆಗೆ ಹಾಗೆ ಎದ್ದು ಹೋದವಳು ಅವಳೇ. ಅದು ಹೇಗಾಯಿತು ಎಂದು ಬರೆಯಲು ಕೂತಿದ್ದೇನೆ. ಬರೆದು ಮುಗಿಸುವ ಹೊತ್ತಿಗೆ ನನಗೆ ಪೂರ್ತಿ ಅರ್ಥವಾಗಿರುತ್ತದೆ ಎಂಬ ಭರವಸೆ ಇಲ್ಲ.

ಭದ್ರಾವತಿ ಎಂದರೆ ಎಲ್ಲರಿಗೂ ನೆನಪಾಗುವ ದೊಡ್ಡ ಕಾರ್ಖಾನೆಗಳಿವೆ. ನಮ್ಮದು ಅವಲ್ಲ. ಹೊಳೆಹೊನ್ನೂರು ರಸ್ತೆಯಲ್ಲಿದ್ದ ಒಂದು ಸಣ್ಣ ಎರಕದ ಕಾರ್ಖಾನೆ. ಪಂಪಿನ ಕವಚ, ಚರಂಡಿಯ ಮುಚ್ಚಳ, ಗಿರಣಿ ಚಕ್ರ ಇಂಥವನ್ನು ಹೊಯ್ಯುತ್ತಿದ್ದರು. ಅದರ ಬೆನ್ನಿಗೆ ಹೆಂಚಿನ ಸಾಲು ಮನೆಗಳ ಕಾಲೋನಿ. ಈಗ ಕಾರ್ಖಾನೆ ಇಲ್ಲ. ಅದರ ಹೆಸರು ಹೇಳಿದರೆ ಗುರುತಿಸುವವರೂ ಇಲ್ಲ.

ಕಾಲೋನಿಯ ಜಾಗ ಕಂಪನಿಯದು. ಆದ್ದರಿಂದ ನಾವು ಪುರಸಭೆಗೂ ಸೇರಿರಲಿಲ್ಲ, ಪಂಚಾಯಿತಿಗೂ ಸೇರಿರಲಿಲ್ಲ. ಎಂಎಲ್‌ಎಗೆ, ಎಂಪಿಗೆ ಓಟು ಇತ್ತು. ಆದರೆ ನಮ್ಮ ನಲ್ಲಿ, ನಮ್ಮ ಚರಂಡಿ, ನಮ್ಮ ದೀಪದ ಕಂಬ ಯಾವುದಕ್ಕೂ ಹೊರಗಿನ ಕೌನ್ಸಿಲರು ಬರುವಂತಿರಲಿಲ್ಲ. ಅದಕ್ಕೆ ಬದಲಾಗಿ ನಮಗೆ ನಮ್ಮದೇ ಕಾಲೋನಿ ಸಭೆ ಇತ್ತು. ಕಾರ್ಖಾನೆ ಕಟ್ಟಿದ ಮೊದಲ ಮಾಲೀಕರು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದ ಒಪ್ಪಂದ ರೀಡಿಂಗ್ ರೂಮಿನ ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುತ್ತಿತ್ತು. ಮನೆಗಳವರು ಎರಡು ವರ್ಷಕ್ಕೊಮ್ಮೆ ಐದು ಜನರನ್ನು ಆರಿಸಬೇಕು. ರೀಡಿಂಗ್ ರೂಮಿನಲ್ಲಿ ಸೇರಿ ಮಾತಾಡಲು ಯಾರ ಅಪ್ಪಣೆಯೂ ಬೇಡ. ಅದರ ಹೊರಗಿನ ಬೋರ್ಡಿನ ಮೇಲೆ ಯಾರು ಬೇಕಾದರೂ ಚೀಟಿ ಅಂಟಿಸಬಹುದು. ಸಭೆ ಕೂತು ಆ ಮನೆಯವರ ಮಾತು ಕೇಳಿ ತೀರ್ಮಾನ ಹೇಳುವವರೆಗೆ ಯಾರನ್ನೂ ಮನೆ ಬಿಡಿಸುವಂತಿಲ್ಲ. ಇಷ್ಟೇ ಅದರಲ್ಲಿದ್ದದ್ದು. ಅಕ್ಷರ ಬಾರದವರಿಗೂ ಅದು ಬಾಯಿಪಾಠವಾಗಿತ್ತು.

ಓಟು ಹಾಕುವ ರೀತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಿಂತವರಿಗೆ ಒಬ್ಬೊಬ್ಬರಿಗೆ ಒಂದೊಂದು ತಗಡಿನ ಡಬ್ಬಿ. ಓದು ಬಾರದವರಿಗಾಗಿ ಡಬ್ಬಿಗೆ ಬಣ್ಣ. ಓಟು ಎಂದರೆ ಬಟಾಣಿ ಗಾತ್ರದ ಒಂದು ಕಬ್ಬಿಣದ ಗುಂಡು; ಎರಕವನ್ನು ಉಜ್ಜಿ ನುಣ್ಣಗೆ ಮಾಡುವ ಪೀಪಾಯಿಗೆ ಹಾಕುತ್ತಿದ್ದ ಗುಂಡು ಅದು. ಖಾಲಿ ತಗಡಿಗೆ ಗುಂಡು ಬಿದ್ದರೆ ಟಣ್ ಎನ್ನುತ್ತದೆ, ಯಾವ ಮೂಲೆಯ ಡಬ್ಬಿ ಎಂದು ಪರದೆಯ ಹೊರಗಿದ್ದವರಿಗೆ ತಿಳಿದುಬಿಡುತ್ತದೆ. ಅದಕ್ಕೇ ಡಬ್ಬಿಗಳ ತುಂಬ ಎರಕದ ಅಚ್ಚು ಕಟ್ಟುವ ಕಪ್ಪು ಮರಳು ತುಂಬಿರುತ್ತಿತ್ತು. ಗುಂಡನ್ನು ಬೆರಳಿಂದ ಒತ್ತಿ ಮರಳೊಳಗೆ ಇಳಿಸಿ, ಮೇಲೆ ಸವರಿ ಬರಬೇಕು. ಸಂಜೆ ಎಲ್ಲರ ಎದುರಿಗೆ ಜರಡಿ ಹಿಡಿದು ಎಣಿಕೆ. ಓಟು ಹಾಕಿ ಬಂದವರ ಬೆರಳ ತುದಿ ಕಪ್ಪಗಿರುತ್ತಿತ್ತು. ನಮಗೆ ಅದೇ ಶಾಯಿ.

ಮನೆಗೊಂದು ಓಟು, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಆ ಹೊತ್ತಿಗೆ ಕುಲುಮೆಯಲ್ಲಿ ಲೋಹ ಕರಗಿ ನಿಂತಿರುತ್ತದೆ, ಗಂಡಸರು ಬಿಟ್ಟು ಬರುವಂತಿಲ್ಲ. ಹಾಗಾಗಿ ಯಾರೂ ಯೋಜನೆ ಹಾಕದೆಯೇ ನಮ್ಮ ಕಾಲೋನಿಯ ಓಟೆಲ್ಲ ಹೆಂಗಸರ ಕೈಯಲ್ಲಿತ್ತು. ಅಪ್ಪ ಸಂಜೆ ಬಂದು, "ನಮ್ಮನೆ ಓಟು ಯಾರಿಗ್ ಹಾಕ್ದೆ?" ಎಂದರೆ ಅಮ್ಮ, "ಮರಳಿಗೆ" ಎನ್ನುತ್ತಿದ್ದಳು. ಅವನು ಮತ್ತೆ ಕೇಳುತ್ತಿರಲಿಲ್ಲ.

ಅತ್ತೆ ಕ್ಯಾಂಟೀನಿನಲ್ಲಿ ಅಡಿಗೆಯವಳು. ಮಾವ ತೀರಿಹೋದ ಮೇಲೆ ಕೊಟ್ಟ ಕೆಲಸ ಅದು. ಮಾವನ ಮನೆಯೂ ಅವಳ ಹೆಸರಿಗೇ ಉಳಿದಿತ್ತು. ಮಕ್ಕಳಿರಲಿಲ್ಲ. ಸಭೆಗೆ ಅವಳು ಮೇಲಿಂದ ಮೇಲೆ ಗೆಲ್ಲುತ್ತಿದ್ದಳು. ಅಚ್ಚು ಕಟ್ಟುವ ಒಬ್ಬ ಕೆಲಸಗಾರ ಕುಡಿದು ಬಂದು ಮೇಸ್ತ್ರಿಗೆ ಹೊಡೆದು ಕೆಲಸ ಕಳೆದುಕೊಂಡಾಗ ಕಂಪನಿ ಅವನ ಮನೆ ಕೇಳಿತ್ತು. ಸಭೆ ಕೂತಿತು. ಅವನ ಹೆಂಡತಿ ಬೆಂಚಿನ ಮೇಲೆ ಕೂತು ಅಳುತ್ತ ಹೇಳಿದ್ದನ್ನೆಲ್ಲ ಕೇಳಿ, ಎರಡು ಡಬ್ಬಿ ಇಟ್ಟು ಗುಂಡು ಹಾಕಿ, ಮಕ್ಕಳ ಪರೀಕ್ಷೆ ಮುಗಿಯುವವರೆಗೆ ಇರಲಿ ಎಂದಿತು. ಕಂಪನಿ ತುಟಿ ಪಿಟಕ್ಕೆನ್ನಲಿಲ್ಲ. ಆಗ ನಾನು ಹೈಸ್ಕೂಲು. ಎಲ್ಲ ಊರುಗಳೂ ಹೀಗೇ ನಡೆಯುತ್ತವೆ ಅಂದುಕೊಂಡಿದ್ದೆ.

ಕಾಲೋನಿಯಿಂದ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹತ್ತನೇ ಕ್ಲಾಸು ದಾಟಿದವರಿರಲಿಲ್ಲ. ಪಿಯುಸಿ ಮುಗಿದಾಗ ಅಪ್ಪ ಗಂಡು ನೋಡಲು ಹೊರಟಿದ್ದ, ಅತ್ತೆ ತಡೆದಳು. ಮನೆಯಲ್ಲಿ ಒಂದೇ ದೀಪದ ಕೆಳಗೆ ಐದು ಜನ ಕೂರುತ್ತಿದ್ದೆವು. ಪರೀಕ್ಷೆ ಬಂದಾಗ ಅತ್ತೆ ಸಭೆಯಲ್ಲಿ ಕೇಳಿ, ರೀಡಿಂಗ್ ರೂಮಿನ ಬೀಗದ ಕೈ ನನಗೆ ಕೊಡಿಸಿದಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಸಂಜೆ ವಾಪಸ್. ಬಿ.ಎ.ಯಲ್ಲಿ ರಾಜ್ಯಶಾಸ್ತ್ರ ತಗೊಂಡಿದ್ದೆ. ಮೂಲಭೂತ ಹಕ್ಕುಗಳು, ಅಧಿಕಾರ ವಿಕೇಂದ್ರೀಕರಣ, ಸ್ಥಳೀಯ ಸ್ವಯಮಾಡಳಿತ. ನೋಟ್ಸನ್ನು ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಉರು ಹೊಡೆಯುತ್ತಿದ್ದೆ. ಇದೆಲ್ಲ ದೂರದ ದೇಶಗಳಲ್ಲಿ, ದೊಡ್ಡ ಕಟ್ಟಡಗಳಲ್ಲಿ ನಡೆಯುವ ವಿಷಯ ಎಂಬ ಭಾವನೆ. ನಮ್ಮ ಮರಳು ಡಬ್ಬಿಗೂ ಆ ನೋಟ್ಸಿಗೂ ಸಂಬಂಧವಿದೆ ಎಂದು ಒಮ್ಮೆಯೂ ಹೊಳೆಯಲಿಲ್ಲ. ಮೇಷ್ಟರೂ ಹೇಳಲಿಲ್ಲ, ಅವರಿಗೆ ಡಬ್ಬಿಯ ವಿಷಯ ಗೊತ್ತಿರಲಿಲ್ಲವಲ್ಲ.

ಕಾರ್ಖಾನೆ ಕೈ ಬದಲಾದದ್ದು ತೊಂಬತ್ತರ ದಶಕದ ನಡುವೆ, ನಾನು ಮೊದಲ ವರ್ಷದಲ್ಲಿದ್ದಾಗ. ಕಾಲೋನಿ ನೋಡಿಕೊಳ್ಳಲು ಒಬ್ಬ ಅಧಿಕಾರಿ ಬಂದರು. ಕೆಟ್ಟವರು ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ. ವಯಸ್ಸಾದವರನ್ನು ಕಂಡರೆ ಬೈಕು ನಿಲ್ಲಿಸಿ ನಮಸ್ಕಾರ ಹೇಳುತ್ತಿದ್ದರು. ಬಂದ ತಿಂಗಳಲ್ಲೇ ಚರಂಡಿ ರಿಪೇರಿ ಮಾಡಿಸಿದರು. ಆಮೇಲೆ ಬೋರ್ಡಿನ ಚೀಟಿಗಳು ಮಳೆಗೆ ನೆನೆಯುತ್ತವೆ ಎಂದು ಅದಕ್ಕೆ ಗಾಜಿನ ಬಾಗಿಲು ಹಾಕಿಸಿದರು. ನೋಡಲು ಚೆನ್ನಾಗಿತ್ತು, ಎಲ್ಲರೂ ಹೊಗಳಿದೆವು. ಬಾಗಿಲಿಗೆ ಬೀಗವಿತ್ತು, ಕೀಲಿ ಆಫೀಸಿನಲ್ಲಿತ್ತು. ಚೀಟಿ ಅಂಟಿಸಬೇಕಾದರೆ ಆಫೀಸಿಗೆ ಕೊಟ್ಟರಾಯಿತು, ಅವರೇ ಅಂಟಿಸುತ್ತಾರೆ. ಕೆಲವನ್ನು ಅಂಟಿಸುತ್ತಿದ್ದರು, ಕೆಲವನ್ನು ಮರೆಯುತ್ತಿದ್ದರು. ಮರೆತದ್ದನ್ನು ಯಾರಾದರೂ ನೆನಪಿಸಿದರೆ, "ಅಯ್ಯೋ ಹೌದಲ್ವಾ" ಎನ್ನುತ್ತಿದ್ದರು.

ಆಮೇಲೆ ರೀಡಿಂಗ್ ರೂಮಿಗೆ ಒಂದು ರಿಜಿಸ್ಟರ್ ಬಂತು. ಒಂದೇ ದಿನ ಎರಡು ಕಡೆಯವರು ಬಂದರೆ ಜಗಳವಾಗಬಾರದು ಎಂದು, ಯಾರು, ಎಷ್ಟು ಜನ, ಏನು ಕಾರಣ ಎಂದು ಬರೆದು ಸಹಿ ಪಡೆಯಬೇಕು. ನನ್ನ ಬೀಗದ ಕೈಯನ್ನೂ ವಾಪಸ್ ಕೇಳಿದರು. ನಾನು ಕೊಟ್ಟೆ. ಅವರು ಥ್ಯಾಂಕ್ಸ್ ಹೇಳಿದರು, ಓದಲು ಆಫೀಸಿನ ಹಿಂದಿನ ಕೋಣೆ ತೋರಿಸಿದರು, ಅಲ್ಲಿ ಫ್ಯಾನಿತ್ತು. ನಾನು ನಷ್ಟ ಮಾಡಿಕೊಂಡೆನೋ ಲಾಭ ಮಾಡಿಕೊಂಡೆನೋ ಆಗಲೂ ಗೊತ್ತಾಗಲಿಲ್ಲ. ಸಭೆಯ ಚುನಾವಣೆ ಬರಬೇಕಾದ ವರ್ಷ ಶಿಫ್ಟು ಬದಲಾಗುತ್ತಿದೆ ಎಂದು ಮುಂದೆ ಹೋಯಿತು. ಅತ್ತೆ ಒಬ್ಬಳೇ ಗೊಣಗಿದಳು.

ಅದಾದ ಮೇಲೆ ಬಂದದ್ದು ಆ ಕಾಗದ.

ಇಂಗ್ಲಿಷಿನಲ್ಲಿ ಟೈಪು ಮಾಡಿದ ಎರಡು ಹಾಳೆ. ಹೊಸ ರೀತಿಯ ಚುನಾವಣೆಗೆ ಮನೆಮನೆಯವರ ಒಪ್ಪಿಗೆ ಬೇಕು, ಮನೆಗೊಂದು ಸಹಿ. ಅಧಿಕಾರಿ ಅದನ್ನು ನನ್ನ ಕೈಗೇ ಕೊಟ್ಟರು. "ಡಿಗ್ರಿ ಓದೋರು ಕಾಲೋನೀಲೇ ಇರೋವಾಗ ನಾನ್ಯಾಕೆ ಹೇಳ್ಬೇಕು? ನೀವೇ ಓದಿ ವಿವರಿಸಿ" ಎಂದರು. ನನ್ನನ್ನು 'ನೀವು' ಎಂದ ಮೊದಲ ಗಂಡಸು ಅವರು.

ಸಂಜೆ ರೀಡಿಂಗ್ ರೂಮಿನಲ್ಲಿ ಜನ ಸೇರಿದರು. ನಾನು ಮೇಜಿನ ಹತ್ತಿರ ನಿಂತೆ. ಮೊದಲ ಹಾಳೆ ಸುಲಭವಿತ್ತು. ಗುಂಡಿನ ಬದಲು ಅಚ್ಚಾದ ಮತಪತ್ರ, ಡಬ್ಬಿಯ ಬದಲು ಮೊಹರು ಹಾಕಿದ ಪೆಟ್ಟಿಗೆ, ಹೊರಗಿನವರಿಂದ ಎಣಿಕೆ. ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಮರಳಲ್ಲಿ ಬೆರಳು ಅದ್ದುವುದು ನನಗೆ ಆ ಹೊತ್ತಿಗೆ ಸ್ವಲ್ಪ ನಾಚಿಕೆಯ ವಿಷಯವಾಗಿತ್ತು. ಕಾಲೇಜಿನ ಗೆಳತಿಯರಿಗೆ ಅದನ್ನು ಹೇಳಿರಲಿಲ್ಲ. "ಸರ್ಕಾರದ ಚುನಾವಣೆ ಹೆಂಗೋ ಹಂಗೇ" ಎಂದು ನಾನೇ ಸೇರಿಸಿದೆ.

"ಏನ್ ಓದ್ತಾಳ್ ನೋಡ್ರೇ, ನೀರು ಕುಡ್ದಂಗೆ!" ಎಂದಳು ಅತ್ತೆ ಪಕ್ಕದವಳಿಗೆ.

ಎರಡನೇ ಹಾಳೆ ಮಗುಚಿದೆ. ಸಣ್ಣ ಅಕ್ಷರ, ನಂಬರು ಹಾಕಿದ ವಾಕ್ಯಗಳು. ಒಂದೊಂದೂ ನಾಲ್ಕು ನಾಲ್ಕು ಸಾಲು ಉದ್ದ. ಪದಗಳು ಬೇರೆ ಬೇರೆಯಾಗಿ ಗೊತ್ತಿದ್ದವು, ಒಟ್ಟಿಗೆ ಏನು ಹೇಳುತ್ತವೆ ಎಂದು ತಿಳಿಯಲಿಲ್ಲ. ಎರಡು ಸಲ ಓದಿದೆ. ಕಿವಿ ಬಿಸಿಯಾಯಿತು. ಜನ ಕಾಯುತ್ತಿದ್ದರು.

ಎದುರು ಸಾಲಿನ ತಮಿಳು ಮನೆಯಾಕೆ ಮಗುವನ್ನು ಸೊಂಟದ ಮೇಲೆ ಸರಿಪಡಿಸಿಕೊಳ್ಳುತ್ತ, "ಆ ಹಿಂದ್ಗಡೆ ಪೇಜಲ್ಲಿ ಇನ್ನಾ ಇದೆ ಅಲ್ಲಮ್ಮಾ, ಅದು ಏನು?" ಎಂದಳು.

"ಅದು ಷರತ್ತುಗಳು. ಎಲ್ಲ ಕಾಗದದಲ್ಲೂ ಇರುತ್ತೆ. ಮಾಮೂಲಿ" ಎಂದೆ.

"ಮಾಮೂಲಿ ಅಂದ್ರೆ ಸರಿ ಬಿಡು" ಎಂದು ಆಕೆ ಕೂತಳು.

ಗೊತ್ತಿಲ್ಲ ಎನ್ನಲು ಎರಡು ಕ್ಷಣ ಸಾಕಿತ್ತು. ಅಷ್ಟು ವರ್ಷ ಬಸ್ಸು ಕಾದು, ಹರಿದ ಚಪ್ಪಲಿ ಹೊಲಿಸಿಕೊಂಡು ಓದಿದ್ದು ಇಷ್ಟು ಜನರ ಎದುರು ಗೊತ್ತಿಲ್ಲ ಎನ್ನುವುದಕ್ಕೋ? ಆ ಹೊತ್ತಿನಲ್ಲಿ ಹೀಗೇ ಯೋಚಿಸಿದೆನೋ, ಈಗ ಹೀಗೆ ಅನ್ನಿಸುತ್ತಿದೆಯೋ ಬಿಡಿಸಿ ಹೇಳಲಾರೆ. ಅತ್ತೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎದ್ದು ಬಂದು ಶಾಯಿಯ ಪ್ಯಾಡಿಗೆ ಹೆಬ್ಬೆರಳು ಒತ್ತಿದಳು. ಸಭೆಯ ಸದಸ್ಯೆಯೇ ಒತ್ತಿದ ಮೇಲೆ ಉಳಿದವರು ಸಾಲಾಗಿ ಬಂದರು.

ಹೊಸ ಚುನಾವಣೆ ನಡೆಯಿತು. ರೀಡಿಂಗ್ ರೂಮಿನಲ್ಲಲ್ಲ, ಕಾರ್ಖಾನೆಯ ಗೇಟಿನ ಒಳಗೆ, ಮಧ್ಯಾಹ್ನ ಶಿಫ್ಟು ಬಿಡುವ ಹೊತ್ತಿಗೆ. ಅತ್ತೆ ತಲೆ ಬಾಚಿ ಹೂ ಮುಡಿದು ಹೊರಟಳು, ಜೊತೆಗೆ ನಮ್ಮ ಸಾಲಿನ ಹೆಂಗಸರು, ಅಮ್ಮ, ನಾನು. ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಇಟ್ಟ. ಅವನೂ ನಮ್ಮ ಕಾಲೋನಿಯವನೇ.

"ಟೋಕನ್ ಇದ್ದೋರಿಗೆ ಮಾತ್ರ ಅಕ್ಕ."

"ಮನೆಗೊಂದು ಓಟು ಕಣೋ. ಟೋಕನ್ ಯಾಕೆ?"

"ಮನೇಲಿ ಟೋಕನ್ ಇರೋದು ಯಾರತ್ರ? ಗಂಡಸ್ರತ್ರ. ಅವ್ರು ಒಳಗೇ ಇದಾರೆ, ಹಾಕ್ತಾರೆ."

"ನಮ್ಮನೇಲಿ ಗಂಡಸು ಎಲ್ಲವ್ನೆ, ಫೋಟೋದಾಗೆ ಅವ್ನೆ. ಕರ್ಕೊಂಡ್ ಬರ್ಲಾ?"

ಹೆಂಗಸರು ನಕ್ಕರು. ಅವನೂ ನಕ್ಕ, ಕೈ ಮಾತ್ರ ತೆಗೆಯಲಿಲ್ಲ. "ನಿಮ್ ಕ್ಯಾಂಟೀನ್ ಟೋಕನ್ ಇತ್ತಲ್ಲಕ್ಕ?" ಎಂದ. ಕ್ಯಾಂಟೀನನ್ನು ಹಿಂದಿನ ತಿಂಗಳು ಕಂಟ್ರಾಕ್ಟಿಗೆ ಕೊಟ್ಟಿದ್ದರು. ಕೆಲಸ ಅದೇ, ಒಲೆ ಅದೇ, ಸೌಟು ಅದೇ. ಕಂಪನಿಯ ನೌಕರರಿಗೆ ಕೊಡುವ ಹಿತ್ತಾಳೆಯ ಟೋಕನ್ನು ಮಾತ್ರ ವಾಪಸ್ ತಗೊಂಡಿದ್ದರು. ಅತ್ತೆ ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು, ಅಲ್ಲಿ ಏನಾದರೂ ಉಳಿದಿರಬಹುದು ಎನ್ನುವಂತೆ. ಗಂಡಸರು ಐದು ಜನ ಗಂಡಸರನ್ನು ಆರಿಸಿ ಬಂದರು. ಹೆಂಗಸರಲ್ಲಿ ಕೆಲವರಿಗೆ ಒಂದು ಕೆಲಸ ಕಡಿಮೆಯಾಯಿತು ಅನ್ನಿಸಿತು. ಅಮ್ಮನೂ ಹಾಗೇ ಅಂದಳು.

ಒಂದು ವರ್ಷ ಏನೂ ಆಗಲಿಲ್ಲ. ಸಭೆ ಇತ್ತು. ಐದು ಜನ ಇದ್ದರು, ಆಫೀಸಿನಲ್ಲಿ ಟೀ ಕುಡಿದು ಬರುತ್ತಿದ್ದರು. ರೀಡಿಂಗ್ ರೂಮಿಗೆ ಸುಣ್ಣ ಬಳಿದರು. ಬಳಿಯುವಾಗ ತೆಗೆದ ಚೌಕಟ್ಟನ್ನು ಮತ್ತೆ ತೂಗುಹಾಕಲಿಲ್ಲ. ಮೊಳೆಯ ಗುರುತಿನ ಮೇಲೆ ಕ್ಯಾಲೆಂಡರ್ ಬಂತು. ಅದು ಇಲ್ಲ ಎಂದು ನನಗೆ ಗೊತ್ತಾದದ್ದೇ ಎಷ್ಟೋ ದಿನದ ಮೇಲೆ. ಆ ವರ್ಷದ ಪರೀಕ್ಷೆಯಲ್ಲಿ 'ಸ್ಥಳೀಯ ಸ್ವಯಮಾಡಳಿತದ ಮಹತ್ವವನ್ನು ವಿವರಿಸಿ' ಎಂಬ ಪ್ರಶ್ನೆ ಬಂದಿತ್ತು. ಪುಟಗಟ್ಟಲೆ ಬರೆದೆ, ಆ ವಿಷಯದಲ್ಲಿ ಒಳ್ಳೆಯ ಅಂಕ ಬಂತು.

ನಾನು ಕೊನೆಯ ವರ್ಷದಲ್ಲಿದ್ದಾಗ ಅತ್ತೆಗೆ ಪತ್ರ ಬಂತು. ಕಂಪನಿಯ ನೌಕರಳಲ್ಲದ ಕಾರಣ ಮೂವತ್ತು ದಿನಗಳೊಳಗೆ ಮನೆ ಖಾಲಿ ಮಾಡಬೇಕು. ಇದು ಕನ್ನಡದಲ್ಲೇ ಇತ್ತು. ನಾನು ಓದಿದೆ.

ಅತ್ತೆ ಹೆದರಲಿಲ್ಲ. "ಸರಿ, ಸಭೆ ಕೂರ್ಲಿ. ಹೇಳೋದ್ ಹೇಳ್ತೀನಿ" ಎಂದಳು. ಏನು ಹೇಳಬೇಕು ಎಂದು ಒಲೆಯ ಮುಂದೆ ಅಭ್ಯಾಸ ಮಾಡುತ್ತಿದ್ದಳು. ಮಾವ ಆ ಕುಲುಮೆಯಲ್ಲಿ ಎಷ್ಟು ವರ್ಷ ದುಡಿದ, ತಾನು ಎಷ್ಟು ವರ್ಷ ಅನ್ನ ಬೇಯಿಸಿದಳು, ಈಗಲೂ ಅದೇ ಅನ್ನ ಬೇಯಿಸುತ್ತಿದ್ದಾಳೆ, ಹಾಗಿರುವಾಗ ನೌಕರಳಲ್ಲ ಅಂದರೆ ಏನರ್ಥ. ಒಳ್ಳೆಯ ವಾದವೇ. ಹತ್ತು ದಿನ ಕಳೆಯಿತು, ಯಾರೂ ಕರೆಯಲಿಲ್ಲ. ಸಭೆಗೆಂದು ಇಸ್ತ್ರಿ ಮಾಡಿಟ್ಟ ಸೀರೆ ಹಗ್ಗದ ಮೇಲೇ ಇತ್ತು. "ಯಾಕ್ ಕರೀಲಿಲ್ಲ? ನೀನ್ ಒಂಚೂರ್ ಕೇಳ್ಕೊಂಡ್ ಬಾ" ಎಂದಳು.

ಆಫೀಸಿಗೆ ಹೋದೆ. ಅಧಿಕಾರಿ ಕುರ್ಚಿ ತೋರಿಸಿದರು, ಪರೀಕ್ಷೆ ಯಾವಾಗ ಎಂದು ವಿಚಾರಿಸಿದರು. ಸಭೆ ಯಾವಾಗ ಅತ್ತೆಯ ಮಾತು ಕೇಳುತ್ತದೆ ಎಂದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಅದು ಈಗ ಇಲ್ವಲ್ಲ. ನಿಮ್ಮೆಲ್ಲರ ಒಪ್ಪಿಗೆ ತಗೊಂಡೇ ತೆಗ್ದಿದ್ದು."

ಫೈಲು ತರಿಸಿದರು. ಎರಡು ಹಾಳೆ, ಹಿಂದೆ ಸಾಲು ಸಾಲು ಸಹಿ, ಹೆಬ್ಬೆಟ್ಟು. ಎರಡನೇ ಹಾಳೆಯ ನಡುವೆ ಪೆನ್ಸಿಲಿನಿಂದ ಗೆರೆ ಎಳೆದಿದ್ದ ಸಾಲನ್ನು ತೋರಿಸಿದರು. ಅಷ್ಟರಲ್ಲಿ ನನ್ನ ಇಂಗ್ಲಿಷ್ ಸುಧಾರಿಸಿತ್ತು. ಈ ಸಲ ಅರ್ಥವಾಯಿತು. ಇನ್ನು ಮುಂದೆ ಸಭೆ ಅಭಿಪ್ರಾಯ ಹೇಳಬಹುದು, ಕಂಪನಿ ಅದನ್ನು ಕೇಳಲೇಬೇಕೆಂದಿಲ್ಲ. ಮನೆ ಕೊಡುವುದು, ಬಿಡಿಸುವುದು ಕಂಪನಿಗೆ ಮಾತ್ರ ಸೇರಿದ್ದು. ಹಿಂದಿನ ಒಪ್ಪಂದ ಈ ದಿನದಿಂದ ಮುಗಿಯಿತು.

"ನೀವೇ ಓದಿ ಹೇಳಿದ್ದು ಅಂತ ಕೇಳಿದ್ದೆ" ಎಂದರು. ಚುಚ್ಚಲು ಅಂದದ್ದಲ್ಲ, ಅದೇ ನನಗೆ ಇನ್ನೂ ಕಷ್ಟ. ಟೀ ಬಂತು. ಕುಡಿದೆ. ಯಾಕೆ ಕುಡಿದೆ ಎಂದು ಇವತ್ತಿಗೂ ಅರ್ಥವಾಗಿಲ್ಲ.

ಅಲ್ಲಿಂದ ಸೀದಾ ಅತ್ತೆಯ ಮನೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವತ್ತಿನ ಕಾಗದದ ಎರಡನೇ ಹಾಳೆ ನನಗೆ ಅರ್ಥವಾಗಿರಲಿಲ್ಲ, ಮಾಮೂಲಿ ಅಂದುಬಿಟ್ಟೆ, ಅದರಲ್ಲೇ ಇತ್ತು.

ಅವಳು ಮೊರದಿಂದ ಕಲ್ಲು ತೆಗೆದು ಪಕ್ಕಕ್ಕಿಟ್ಟಳು. "ಗೊತ್ತಿಲ್ಲ ಅನ್ನೋಕೇನಾಗಿತ್ತೇ ನಿಂಗೆ?"

ನಾನು ಕೂತು, ಅವಳು ತೆಗೆದಿಟ್ಟ ಕಲ್ಲುಗಳನ್ನು ಒಟ್ಟು ಮಾಡತೊಡಗಿದೆ.

"ನಂಗೆ ಅವತ್ತೇ ಅನುಮಾನ ಬಂತು ಮಾರಾಯ್ತಿ. ನಿನ್ ಮುಖ ನೋಡ್ದೆ. ಚಿಕ್ಕೋಳಿದ್ದಾಗ ಸುಳ್ಳು ಹೇಳಿದ್ರೆ ಹಿಂಗೇ ಕಿವಿ ಕೆಂಪಾಗ್ತಿತ್ತು."

"ಮತ್ತೆ ಯಾಕತ್ತೆ ಹೆಬ್ಬೆಟ್ಟು ಹಾಕ್ದೆ?"

"ಅಷ್ಟು ಜನದ್ ಮುಂದೆ ನಿನ್ನ ಸಣ್ಣವಳು ಮಾಡ್ಲಾ?" ಎಂದು ಮೊರ ಕುಟ್ಟಿದಳು. "ಹೋಗ್ಲಿ ಬಿಡು. ಅವ್ರು ಈ ಕಾಗ್ದ ಇಲ್ಲ ಅಂದ್ರೆ ಇನ್ನೊಂದ್ ತರ್ತಿದ್ರು."

ತರುತ್ತಿದ್ದರೇನು? ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಕೇಳಿಕೊಂಡಿದ್ದೇನೋ. ಒಂದೊಂದು ದಿನ ತರುತ್ತಿದ್ದರು ಅನ್ನಿಸುತ್ತದೆ. ಒಂದೊಂದು ದಿನ, ನಾನು ಗೊತ್ತಿಲ್ಲ ಎಂದಿದ್ದರೆ ಅತ್ತೆ ಬೆರಳು ಒತ್ತುತ್ತಿರಲಿಲ್ಲ, ಅವಳು ಒತ್ತದಿದ್ದರೆ ಯಾರೂ ಒತ್ತುತ್ತಿರಲಿಲ್ಲ ಅನ್ನಿಸುತ್ತದೆ. ನನ್ನ ಮಾನ ಉಳಿಸಲು ಅವಳು ಕೊಟ್ಟದ್ದು ಅವಳೊಬ್ಬಳದಲ್ಲ, ಕಾಲೋನಿಯದು. ಅದಕ್ಕಾಗಿ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಕಾಲಿಗೆ ಬೀಳಬೇಕೋ ಎಂಬುದೂ ಬಗೆಹರಿದಿಲ್ಲ.

ಆದರೆ ಅತ್ತೆ ಸುಮ್ಮನೆ ಹೋಗುವವಳಲ್ಲ. "ಅವ್ರು ಕೇಳ್ದಿದ್ರೆ ಕತ್ತೆ ಬಾಲ. ನಮ್ಮೋರು ಕೇಳ್ಬೇಕು" ಎಂದಳು. ರೀಡಿಂಗ್ ರೂಮಿನ ರಿಜಿಸ್ಟರಿನಲ್ಲಿ ಕಾರಣ ಬರೆದರೆ ಸಹಿ ಸಿಗುವುದಿಲ್ಲ. ಅದಕ್ಕೇ ಒಂದು ಭಾನುವಾರ ಬೆಳಿಗ್ಗೆ ನಲ್ಲಿಯ ಹತ್ತಿರ, ಕೊಡಗಳ ನಡುವೆ ಸಭೆ ಕೂಡಿಸಿದಳು. ಹೊಸ ಐದು ಜನರನ್ನೂ ಕರೆದಿದ್ದಳು. ಅವರು ಬರಲಿಲ್ಲ. ಹೆಂಗಸರು ಬಂದರು, ನಾನು ಎಣಿಸಿದ್ದಕ್ಕಿಂತ ಹೆಚ್ಚು. ಎರಡು ಡಬ್ಬಿಗೆ ಮರಳನ್ನು ಅಪ್ಪನೇ ತಂದುಕೊಟ್ಟು, "ನಾನ್ ತಂದಿದ್ದು ಅನ್ಬೇಡಿ" ಎಂದು ಮನೆಯೊಳಗೆ ಹೋಗಿ ಕೂತ.

ಅತ್ತೆ ಇಸ್ತ್ರಿ ಸೀರೆ ಉಟ್ಟು ನಿಂತು, ಅಭ್ಯಾಸ ಮಾಡಿದ್ದನ್ನೆಲ್ಲ ಹೇಳಿದಳು. ನಡುವೆ ಕಾವಲುಗಾರ ಸೈಕಲ್ಲಿನಲ್ಲಿ ಬಂದ. ಗುಂಪು ಸೇರಬಾರದು ಎಂದು ಆಫೀಸಿನ ಆರ್ಡರಿತ್ತು.

"ಏನಿದು ಗುಂಪು?" ಎಂದ, ನೆಲ ನೋಡುತ್ತ.

"ನೀರು ಹಿಡೀತಿದೀವಿ."

"ನಲ್ಲೀಲಿ ನೀರೇ ಬರ್ತಿಲ್ವಲ್ಲಕ್ಕ."

"ಬಂದ್ಮೇಲೆ ಹಿಡೀತೀವಿ. ನಿನ್ ಹೆಂಡ್ತೀನೂ ಇಲ್ಲೇ ಅವ್ಳೆ ನೋಡು, ಮಾತಾಡಿಸ್ಕೊಂಡ್ ಹೋಗು."

"ನಂಗೇನೂ ಕಾಣ್ಲಿಲ್ಲ. ಬೇಗ ಮುಗಿಸ್ರವ್ವ" ಎಂದು ಸೈಕಲ್ ತಿರುಗಿಸಿದ.

ಒಬ್ಬೊಬ್ಬರಾಗಿ, ಎರಡು ಮನೆಗಳ ನಡುವೆ ಹೊದಿಕೆ ಕಟ್ಟಿ ಮಾಡಿದ ಮರೆಗೆ ಹೋಗಿ ಗುಂಡು ಒತ್ತಿ ಬಂದರು. ನಾನೇ ಜರಡಿ ಹಿಡಿದೆ. 'ಇರಲಿ' ಎಂಬ ಡಬ್ಬಿಯಿಂದ ಗುಂಡುಗಳು ಉದುರಿದವು. 'ಹೋಗಲಿ' ಎಂಬ ಡಬ್ಬಿಯನ್ನು ಸುಮ್ಮನೆ ನೋಡೋಣವೆಂದು ಜರಡಿಗೆ ಸುರಿದರೆ, ಅದರಲ್ಲೂ ಒಂದು. ಎಲ್ಲರೂ ಆ ಒಂದನ್ನೇ ನೋಡಿದರು, ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅತ್ತೆ ಮಾತ್ರ, "ಓ, ಹಂಗಾದ್ರೆ ಇದು ನಿಜವಾದ್ ಓಟು" ಎಂದು ನಕ್ಕಳು. ಅದು ಯಾರದು ಎಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗಬಾರದು ಎಂದೇ ಮರಳು ಹಾಕುತ್ತಿದ್ದದ್ದಲ್ಲವೇ.

ತೀರ್ಮಾನವನ್ನು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಆಫೀಸಿಗೆ ಕೊಟ್ಟೆ. ಅಧಿಕಾರಿ ಓದಿ, "ತುಂಬ ಚೆನ್ನಾಗಿ ಬರ್ದಿದೀರಿ" ಎಂದರು. ಅದಕ್ಕೊಂದು ಸೀಲು ಹಾಕಿ ಫೈಲಿಗೆ ಸೇರಿಸಿದರು. ಮೂವತ್ತನೇ ದಿನ ಮನೆಗೆ ಬೇರೆ ಬೀಗ ಬಿತ್ತು. ಗಲಾಟೆ ಏನಿಲ್ಲ, ಸಾಮಾನು ಸಾಗಿಸಲು ಕಂಪನಿಯ ಟೆಂಪೋವನ್ನೇ ಕಳಿಸಿದ್ದರು. ಅತ್ತೆ ಶಿವಮೊಗ್ಗದಲ್ಲಿ ಒಂದು ಹಾಸ್ಟೆಲ್ಲಿನ ಅಡಿಗೆಮನೆಗೆ ಸೇರಿ, ಅಲ್ಲೇ ಹತ್ತಿರ ಒಂದು ರೂಮು ಹಿಡಿದಳು. ಅಲ್ಲಿ ಅವಳಿಗೆ ನಗರಸಭೆಯ ಓಟು ಬಂತು. ಹಾಗಾದರೆ ಕಳೆದುಕೊಂಡಳೋ, ಪಡೆದಳೋ? ಕೇಳಿದರೆ, "ಓಟೇನೋ ಐತೆ. ಗೆದ್ದೋನ್ ಮನೆ ಎಲ್ಲೈತೆ ಅಂತ್ಲೇ ಗೊತ್ತಿಲ್ವಲ್ಲ" ಎನ್ನುತ್ತಿದ್ದಳು.

ನಾನು ಪಾಸಾದೆ. ಡಿಗ್ರಿ ಸರ್ಟಿಫಿಕೇಟು ಬರಲು ಸಮಯ ಹಿಡಿಯಿತು. ಅಷ್ಟರಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಪಾಠಕ್ಕೆ ಸೇರಿದ್ದೆ. ಅದನ್ನು ತರಲು ವಿಶ್ವವಿದ್ಯಾಲಯವಿರುವ ಶಂಕರಘಟ್ಟಕ್ಕೆ ಹೊರಟಾಗ ಅತ್ತೆ ತಾನೂ ಬರುತ್ತೇನೆ ಎಂದಳು. ಬಸ್ಸಿನ ತುಂಬ ಹುಡುಗ ಹುಡುಗಿಯರು, ಫೈಲು, ಬ್ಯಾಗು. ಅತ್ತೆಗೆ ಒಬ್ಬ ಹುಡುಗಿ ಸೀಟು ಬಿಟ್ಟುಕೊಟ್ಟಳು. "ನೀನೇನ್ ಓದ್ತಿದೀಯವ್ವ?" ಎಂದು ಶುರು ಮಾಡಿದವಳು ಇಳಿಯುವವರೆಗೆ ನಿಲ್ಲಿಸಲಿಲ್ಲ.

ಆಫೀಸಿನ ಕಿಟಕಿಯಲ್ಲಿ ಕ್ಲರ್ಕು ರಿಜಿಸ್ಟರನ್ನು ನನ್ನ ಕಡೆ ತಿರುಗಿಸಿ, "ಇಲ್ಲಿ ಸಹಿ ಹಾಕಿ" ಎಂದರು. ನಾನು ಮೇಲಿನ ಶೀರ್ಷಿಕೆಯಿಂದ ಓದಲು ಶುರು ಮಾಡಿದೆ. ಹಿಂದೆ ನಿಂತವರು, "ಮೇಡಂ, ಸ್ವಲ್ಪ ಬೇಗ" ಎಂದರು. ಕ್ಲರ್ಕು ಕನ್ನಡಕ ಸರಿಪಡಿಸಿಕೊಂಡು, "ತಗೊಂಡಿದೀನಿ ಅಂತ ಬರೆದಿರೋದು ಅಷ್ಟೇ, ಇನ್ನೇನಿಲ್ಲ" ಎಂದರು. ಇನ್ನೇನೂ ಇರಲಿಲ್ಲ. ಸಹಿ ಹಾಕಿದೆ. ಅವರು ದಪ್ಪ ಕಾಗದವನ್ನು ಕಿಟಕಿಯಿಂದ ಚಾಚಿದರು. ನಾನು ಪೆನ್ನಿನ ಮುಚ್ಚಳ ಹಾಕುತ್ತಿದ್ದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ತಾನೇ ಎರಡೂ ಕೈಯಲ್ಲಿ ತಗೊಂಡಳು. ತಿರುಗಿಸಿ ಹಿಂದೆ ನೋಡಿದಳು, ಮುಂದೆ ನೋಡಿದಳು.

"ಇದ್ನ ವಾಪಸ್ ಕೇಳ್ಕೊಂಡು ಯಾರಾದ್ರೂ ಬರ್ತಾರಾ?"

"ಇಲ್ಲತ್ತೆ. ಇದು ನಂದೇ."

ಅವಳಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಕಾಗದವನ್ನು ನನ್ನ ಕೈಯಲ್ಲಿಟ್ಟು, ಕ್ಲರ್ಕಿಗೂ ಕೇಳಿಸುವಂತೆ ಹೇಳಿದಳು: "ಬಂದ್ರೆ ಸುಮ್ನೆ ಕೊಟ್ಬಿಡ್ಬೇಡ. ನಮ್ಮತ್ತೇನ ಒಂದ್ ಮಾತು ಕೇಳ್ಬೇಕು ಅನ್ನು."